ಇತರೆ

ಅರ್ಜಿಯ ಮೂರನೇ ಪುಟದಲ್ಲಿ ಕೇಳಿದ್ದರು: ಮಾತೃಭಾಷೆ?
ಕೆಳಗೊಂದು ಪಟ್ಟಿ, ಒತ್ತಿದರೆ ಜಾರುತ್ತದೆ.
ಕನ್ನಡಕ್ಕೂ ಕೊರಿಯನ್ನಿಗೂ ನಡುವೆ
ನಮ್ಮದು ಇರಬೇಕಿತ್ತು, ಇರಲಿಲ್ಲ.
ತೀರ ಕೆಳಗೆ 'ಇತರೆ' ಅಂತ ಒಂದು ಮನೆ.
ಅದನ್ನೇ ಒತ್ತಿದೆ.

ನಾಪೋಕ್ಲಿನ ಶಾಲೆಯಲ್ಲಿ ಹತ್ತೊಂಬತ್ತು ವರ್ಷ
ಇಂಗ್ಲಿಷ್ ಕಲಿಸಿದ್ದೇನೆ, ಈಗ ತಿಂಗಳಿಗೆ ಹದಿನಾಲ್ಕು ಸಾವಿರ.
ನೂರಿಪ್ಪತ್ತು ತಾಸಿನ ಕೋರ್ಸು ಮುಗಿಸಿ
ನಾಲ್ಕು ತಿಂಗಳು ರಾತ್ರಿ ಕೂತು ಹುಡುಕಿದೆ.
ಒಂದು ದೇಶ ಏಳು ಪಾಸ್‌ಪೋರ್ಟುಗಳ ಹೆಸರು ಬರೆದು
ಉಳಿದವರು ದಯವಿಟ್ಟು ಬೇಡ ಎಂದಿತು.
ಇನ್ನೊಂದು, ನನ್ನ ಫೋಟೋ ತಲುಪಿದ ಮೇಲೆ ಮಾತು ಬಿಟ್ಟಿತು.
ಒಬ್ಬ ಸಾಹೇಬ ಮಾತ್ರ ಬಾಯಿಬಿಟ್ಟು ಕೇಳಿದ,
ನಿಮ್ಮದು ಹುಟ್ಟಿನಿಂದ ಬಂದ ಇಂಗ್ಲಿಷೋ?
ಹುಟ್ಟುವಾಗ ಯಾವ ಭಾಷೆಯಲ್ಲಿ ಅತ್ತೆನೋ,
ಸೂಲಗಿತ್ತಿ ಚೀಯವ್ವ ಹೋಗಿ ಬಹಳ ಕಾಲವಾಯಿತು,
ಸಾಕ್ಷಿಯಿಲ್ಲ.

ಕೊನೆಗೆ ಓಗೊಟ್ಟದ್ದು ವಿಯೆಟ್ನಾಂ,
ಅದೂ ಕಾಫಿ ಬೆಳೆಯುವ ಬೆಟ್ಟದ ಊರು.
ನಮ್ಮ ಮನೆಯಲ್ಲಿ ಆ ಹೆಸರು ಬೈಗುಳ.
ರೋಬಸ್ಟಾ ಬೆಲೆ ಬಿದ್ದ ವರ್ಷ ದೊಡ್ಡಪ್ಪ
ರೇಡಿಯೋದ ಕಿವಿ ಹಿಂಡಿ ಹೇಳುತ್ತಿದ್ದರು,
ಅಲ್ಲಿ ಬರ ಬಂದರೆ ಇಲ್ಲಿ ನಮಗೆ ಬಾಡೂಟ.
ಈಗ ಕೇಳುತ್ತಾರೆ:
'ಚೌಕಾಶಿ ಮಾಡಲಿಕ್ಕೂ ಅವರಿಗೆ ನೀನೇ ಕಲಿಸಬೇಕಾ, ಮಾಚವ್ವ?'

ಸಂದರ್ಶನ ಜನವರಿಯ ಒಂದು ಬೆಳಿಗ್ಗೆ.
ಸಿಗ್ನಲ್ ಸಿಗುವುದು ಕಣದ ಮೂಲೆಯಲ್ಲಿ,
ನೀರಿನ ಟ್ಯಾಂಕಿಗೆ ಬೆನ್ನು ಕೊಟ್ಟರೆ ಎರಡು ಕಡ್ಡಿ.
ಪ್ಲಾಸ್ಟಿಕ್ ಕುರ್ಚಿ, ಹಿಟ್ಟಿನ ಡಬ್ಬಕ್ಕೆ ಆನಿಸಿದ ಫೋನು,
ಸೊಂಟದಿಂದ ಮೇಲೆ ಮಾತ್ರ ಇಸ್ತ್ರಿ.
ಪಾಠ ಮಾಡಿ ತೋರಿಸಬೇಕಿತ್ತು, ನನ್ನ ಮಾತು ಬಾರದ ಮಗುವಿಗೆ.
ಲೈನ್ ಮನೆಯಿಂದ ಜೋನಾಕಿಯನ್ನು ಕರೆದೆ,
ಅಸ್ಸಾಮಿನಿಂದ ಕುಯ್ಲಿಗೆ ಬಂದವರ ಮಗಳು, ಏಳು ವರ್ಷ,
ಮುಂದಿನ ಎರಡು ಹಲ್ಲು ಇನ್ನೂ ದಾರಿಯಲ್ಲಿವೆ.
ಕುಕ್ಕೆಯ ಒಳಗೆ ಹಣ್ಣು, ಮೇಲೆ ಹಣ್ಣು, ಅಡಿಯಲ್ಲಿ ಹಣ್ಣು,
ಇನ್, ಆನ್, ಅಂಡರ್.
ಅವಳು ಒಂದನ್ನು ಬಾಯಿಗೆ ಹಾಕಿ 'ಇನ್' ಎಂದಳು.
ಪರದೆಯಾಚೆ ಮೂವರೂ ನಕ್ಕರು.

ಆಮೇಲೆ ನಡುವಿನವಳು ತನ್ನ ಹೆಸರು ಹೇಳಿದಳು.
'ಕಷ್ಟ, ಬಿಡಿ, ಫೂಂಗ್ ಅನ್ನಿ ಸಾಕು,
ಹೊರಗಿನವರೆಲ್ಲ ಹಾಗೇ ಅನ್ನುವುದು.'
ಇನ್ನೊಮ್ಮೆ ಹೇಳಿ ಎಂದೆ.
'ಉ' ಎನ್ನಲು ಹೊರಟು ತುಟಿ ದುಂಡಗಾಗದೆ ಉಳಿದ ಸ್ವರ,
ಅದರ ಬೆನ್ನಿಗೇ 'ಎ'ಗೂ 'ಅ'ಗೂ ನಡುವೆ ನಿಂತದ್ದೊಂದು.
ಅಯ್ಯೋ, ಇವೆರಡನ್ನೂ ಬಲ್ಲೆ.
ನಮ್ಮ ಎಂಟರಲ್ಲಿವೆ, ತಿರುವುಮುರುವಾಗಿ.
ಒಂದನೇ ಕ್ಲಾಸಿನಲ್ಲಿ ಎಂಟನ್ನು ಮನೆಯ ಹಾಗೆ ಹೇಳಿದ್ದಕ್ಕೆ
ಬಯಲುಸೀಮೆಯ ಮೇಷ್ಟರು ಬೆಂಚು ಹತ್ತಿಸಿದ್ದರು.
ಬರೆದು ತೋರಿಸು ಎಂದರೆ ಬರೆಯಲು ಅಕ್ಷರವಿಲ್ಲ.
ಅಕ್ಷರಮಾಲೆಯಲ್ಲಿ ಚಾಪೆ ಸಿಗದೆ
ಅವು ಇಷ್ಟು ವರ್ಷ ನಮ್ಮ ಅಡುಗೆಮನೆಯಲ್ಲೇ ಮಲಗಿದ್ದವು.

ಹೇಳಿದೆ, ಅವಳ ಹೆಸರನ್ನು.
ಏರಿಳಿತ ತಪ್ಪಿದ್ದಿರಬೇಕು.
ಅವಳು ಪೆನ್ನು ಕೆಳಗಿಟ್ಟಳು,
ತನ್ನ ಮಾತಿನಲ್ಲಿ ಪಕ್ಕದವನಿಗೆ ಏನೋ ಅನ್ನುತ್ತಿದ್ದಳು,
ಅಷ್ಟರಲ್ಲಿ ಸಿಗ್ನಲ್ ಹೋಯಿತು.
ಟ್ಯಾಂಕ್ ಹತ್ತಿ ನಿಂತು ಫೋನನ್ನು ಆಕಾಶಕ್ಕೆ ಹಿಡಿದೆ.
ಕಾಫಿ ಹರಡುತ್ತಿದ್ದ ಹೆಂಗಸರು ತಲೆಯೆತ್ತಿದರು,
ಆನೆ ಬಂತೆಂದು ಒಬ್ಬಳು ಓಡಿಯೇಬಿಟ್ಟಳು.

ಹನ್ನೊಂದು ತಿಂಗಳ ಕರಾರು ಬಂದಿದೆ.
ಸಂಬಳದ ಅಂಕಿಯಲ್ಲಿ ಎಷ್ಟು ಸೊನ್ನೆಗಳೆಂದರೆ
ಬ್ಯಾಂಕಿನ ಉತ್ತಯ್ಯ ಎದ್ದು ನಿಂತರು,
ರೂಪಾಯಿಗೆ ಭಾಗಿಸಿ, ಮತ್ತೆ ಕೂತರು.
ಕಡಿಮೆಯೇನಲ್ಲ, ಎಂದರು ಸ್ವಲ್ಪ ಹೊತ್ತಾದ ಮೇಲೆ.

ಜೋನಾಕಿ ಕಣದಲ್ಲಿ ಹಣ್ಣು ಎಣಿಸುತ್ತಾಳೆ.
ಇಂಗ್ಲಿಷಿನಲ್ಲಿ ಐದರವರೆಗೆ,
ಆರು, ಏಳು ಕನ್ನಡದಲ್ಲಿ,
ಆಮೇಲೆ, ಯಾರು ಕಲಿಸಿದರೋ, ನಮ್ಮ ಎಂಟು,
ತುಟಿ ದುಂಡಗಾಗದೆ.
ಒಂಬತ್ತು ಗೊತ್ತಿಲ್ಲ.
ಮತ್ತೆ ಒಂದರಿಂದ.