ಬಳಪದ ಬೆಳಗು

ಗ್ರೈಫ್ಸ್‌ವಾಲ್ಡಿನ ಬಂದರಿನಲ್ಲಿ
ಹೆರಿಂಗ್ ಮೀನಿಗೆ ಉಪ್ಪು ಹಾಕುವವಳು ನಾನು, ವೀಬ್ಕೆ.
ಕೈ ನಾರುತ್ತದೆ ಅಂದೆ.
ವಾಸನೆ ಕಾಗದಕ್ಕೆ ಹತ್ತುವುದಿಲ್ಲ
ಅಂದ ಚಿತ್ರ ಬರೆಯುವ ಲೇಬೆರೆಖ್ಟ್.
ನಗಲಿಲ್ಲ ಹಾಗನ್ನುವಾಗ.
ಸ್ವೀಡನ್ ದೊರೆಯ ಮುಖವಿದ್ದ ಎರಡು ಬಿಲ್ಲೆ
ದಿನಕ್ಕೆ, ಬೆಳಕು ಸಾಯುವ ತನಕ.

ನೀನೀಗ ಬೆಳಗು, ಅಂದ.
ಬೆಳಗು ಕೈಯೆತ್ತಿ ಕತ್ತಲಿನ ಸೆರಗು ಸರಿಸುತ್ತದೆ.
ಎತ್ತಿದೆ.
ಕಾಲು ಗಂಟೆಗೆ ತೋಳು ಲಂಗರಾಯಿತು.
ಆಗ ತೊಲೆಯಿಂದೊಂದು ಹಗ್ಗ ಇಳಿಬಿಟ್ಟು
ಮಣಿಕಟ್ಟಿಗೆ ಕುಣಿಕೆ ಹಾಕಿದ.
ದೋಣಿ ಕಟ್ಟುವ ಗಂಟೇ ಅದು, ಎಲ್ಲಿ ಕಲಿತನೋ.
ಅವನಪ್ಪನಿಗೆ ಹಡಗುಗಳಿದ್ದವಂತೆ.

ಕಾಗದ ನೀಲಿ, ಸಕ್ಕರೆ ಪೊಟ್ಟಣದ ನೀಲಿ.
ಕರಿ ಬಳಪ ಮೊದಲು: ಸೊಂಟ, ನಿರಿಗೆ, ಹಿಮ್ಮಡಿ.
ಹಗ್ಗವನ್ನೂ ಬರೆದ, ಕಂಡದ್ದನ್ನು ಬಿಡುವವನಲ್ಲ.
ಆಮೇಲೆ ಬಿಳಿ. ಭುಜದ ಮೇಲೆ, ಕತ್ತಿನ ಕುಳಿಯಲ್ಲಿ,
ನನ್ನಲ್ಲಿ ಎಂದೂ ಇಲ್ಲದ ಕಡೆಯೆಲ್ಲ ಬೆಳಕು.

ಆ ಬಿಳಿ ನನಗೆ ಗೊತ್ತು.
ಎದುರಿನ ದ್ವೀಪದ ಬಂಡೆ ಅದು.
ಅಣ್ಣ ಹಿನ್ರಿಕ್ ಅದನ್ನೇ ಅಗೆಯುತ್ತಾನೆ.
ಶನಿವಾರ ಮನೆಗೆ ಬಂದರೆ
ರೆಪ್ಪೆ ಬಿಳಿ, ಉಗುಳೂ ಬಿಳಿ.
ಅವ್ವ ಅವನ ಕೋಟನ್ನು ಹೊರಗೆ ಕೊಡವುತ್ತಾಳೆ,
ಅಂಗಳದ ಕೋಳಿಗಳೆಲ್ಲ ಮುದುಕಿಯರಾಗುತ್ತವೆ.
ಇದನ್ನು ಹೇಳಲಿಲ್ಲ.
ಬೆಳಗು ಮಾತಾಡಬಾರದು.

ಮೂರನೆಯ ದಿನ ಮೇಜಿನ ಮೇಲೊಂದು ಬ್ರೆಡ್ಡು,
ನಮ್ಮ ಕಪ್ಪು ರೈಯದಲ್ಲ, ಗೋಧಿಯದು, ಬಿಳಿಯದು.
ರಾತ್ರಿಯ ಗಂಜಿ ಎಂದೋ ಕರಗಿದ್ದ ಹೊಟ್ಟೆ
ನಾಯಿಯ ಹಾಗೆ ಎದ್ದು ಕೂತಿತು.
ಅವನು ಮುರಿದ. ತಿರುಳು ಕಿತ್ತ.
ಬೆರಳಲ್ಲಿ ನಾದಿ ಉಂಡೆ ಕಟ್ಟಿದ.
ನನಗೆ ಅಂದುಕೊಂಡೆ.
ಕಾಗದದ ಮೇಲೆ ಒತ್ತಿದ.
ಒತ್ತಿದ, ಎತ್ತಿದ, ಒತ್ತಿದ.
ಹಗ್ಗ ಹೋಯಿತು.
ತೊಲೆ ಹೋಯಿತು. ಮಣಿಕಟ್ಟಿನ ಗೀರು ಹೋಯಿತು.
ಈಗ ನನ್ನ ಕೈ ತಾನಾಗಿ ಮೇಲಿತ್ತು,
ಯಾರೂ ಹಿಡಿಯದೆ, ನೋಯದೆ.

ಚೆಂದವಿತ್ತು. ಸುಳ್ಳು ಹೇಳಲಾರೆ.
ಅಷ್ಟು ಹಗುರ ನಾನು ಎಂದೂ ಇದ್ದವಳಲ್ಲ.

ಬೀದಿಯಲ್ಲಿ ಹೋಗುವ ಗೆಳೆಯನನ್ನು ಕರೆಯಲು
ಅವನು ಕಿಟಕಿಯಿಂದಾಚೆ ಬಾಗಿದಾಗ
ಕುಣಿಕೆ ಬಿಚ್ಚಿಕೊಂಡೆ.
ಮೇಜಿನಂಚಲ್ಲಿ ಬೂದಿಬಣ್ಣದ ಆ ಉಂಡೆ.
ಬಾಯಿಗೆ ಹಾಕಿಕೊಂಡೆ.
ಹಲ್ಲಿಗೆ ಕರಕರ ಸಿಕ್ಕಿತು: ಹಗ್ಗ, ತೊಲೆ,
ಒಂದಿಷ್ಟು ಅಣ್ಣನ ಬಂಡೆ.

ನಾಳೆ ಬಾ, ಅಂದ ಈ ಕಡೆ ತಿರುಗಿ.
ಮುಖ ಇನ್ನೂ ಬಾಕಿ ಇದೆ.