ಬಳೆ ಡಬ್ಬಿ

ಮೂವತ್ತು ಗುಳಿಗೆ ಕೊಟ್ಟು ಮೂವತ್ತು ದಿನಕ್ಕೆ
ಕವಿತಾಳದ ಖಾಸಿಂಬಿ ಮನೆಗೆ ಮತ್ತೆ ಬಂದೆ.
ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದೆ.
ನೂರಾ ಎಂಬತ್ತಕ್ಕೆ ನಿಂತಿತು ಅಂಕಿ.

"ದಿನಾ ನುಂಗ್ತೀ ಇಲ್ಲೋ ಚಾಚಿ?"
"ನುಂಗ್ತೀನಿ ಬಿಡವ್ವಾ."
ಕಣ್ಣು ಮಾತ್ರ ಮಾಡದ ಕಡೆ ಹೋಗಿಬಂತು.

ಇಳಿಸಿದೆ. ಹಳೇ ಬಳೆ ಡಬ್ಬಿ.
ಕೆಂಪು ಗಾಜು, ಹಸಿರು ಗಾಜು ಮಾರಿಹೋದ ಜಾಗದಲ್ಲಿ
ಬೆಳ್ಳಿ ಹಾಳೆಯ ಗುಳಿಗೆಗಳು,
ಬಳೆಯ ಹಾಗೇ ದಾರ ಕಟ್ಟಿ.

"ದಿನ ಬಿಟ್ಟು ದಿನ ನುಂಗ್ತೀನಿ.
ನಲವತ್ತು ವರ್ಷ ಮಲಾರ ಹೊತ್ತಾಕಿ ನಾನು,
ಮಾಲು ಇದ್ದಾಗ ಮುಚ್ಚಿಡಬೇಕು.
ಹೋದ ವರ್ಷ ದವಾಖಾನಿ ಕಿಟಕಿಯಾಗ
ಇಲ್ಲ ಅಂದ್ರು, ಎರಡು ತಿಂಗಳು.
ಆಗ ನೀನೂ ಬರಲಿಲ್ಲ."

ಬೈಯಬೇಕೆಂದಿದ್ದೆ. ಈಗ ಹಂಗಿಲ್ಲ ಚಾಚಿ,
ಸರಕಾರ ಮನೆಬಾಗಿಲಿಗೇ ಕಳಸ್ತದ, ಪುಕ್ಕಟೆ,
ತಿಂಗಳಾ ತಿಂಗಳಾ, ಎಂದೆ.
ಮೊಬೈಲಿನಲ್ಲಿ ಅವಳ ಹೆಸರು ತೋರಿಸಿದೆ.

ನನ್ನ ಬೋಳು ಮುಂಗೈ ಹಿಡಿದು
ಅಳತೆ ನೋಡುವವಳಂತೆ ಹಿಸುಕಿದಳು:
"ನಿನ್ನ ಪಗಾರ ಬಂತೇನವ್ವಾ?"

ಹೊರಗೆ ಹತ್ತಿ ಲಾರಿಯೊಂದು
ಓಣಿಗೆ ಸಿಕ್ಕಿ ಹಾರ್ನ್ ಹೊಡೆಯುತ್ತಿತ್ತು.
ಒಂದು ಗುಳಿಗೆ ಬಿಚ್ಚಿ ನೀರು ಕೊಟ್ಟೆ.
ನುಂಗಿದಳು.
ಉಳಿದ ಒಂಬತ್ತಕ್ಕೆ
ಮತ್ತೆ ದಾರ ಸುತ್ತಿದಳು.