ಹಳೇ ಠಸ್ಸೆ

ಸರಸ್ವತೀಪುರಂನ ಜೋಯಿಸರು ಲಕೋಟೆಯನ್ನು ಚಿಮಟದಲ್ಲಿ ಎತ್ತಿದರು,
ಮಗುವಿನ ಕಾಲಿನ ಮುಳ್ಳು ತೆಗೆಯುವವರ ಹಾಗೆ ಉಸಿರು ಹಿಡಿದು.
ನೋಡಿ ಸ್ವಾಮಿ, ಅಂದರು, ಮುಂದುಗಡೆ ಪಾಂಡವಪುರ, ತಾರೀಖು ಸಮೇತ.
ಹಿಂದೆ, ಈ ಮೂಲೆಯಲ್ಲಿ, ಫ್ರೆಂಚ್ ರಾಕ್ಸ್. ತಾರೀಖೇ ಇಲ್ಲ.
ಒಂದೇ ಲಕೋಟೆಗೆ ಎರಡು ಊರು!
ಯಾವನೋ ಪ್ಯಾಕರನ ಬೇಜವಾಬ್ದಾರಿ.
ಅದಕ್ಕೇ ಇಷ್ಟು ಬೆಲೆ.

ಆ ಪ್ಯಾಕರ್ ನಮ್ಮಪ್ಪ, ಅಂದಾನಯ್ಯ.
ಹೇಳಲಿಲ್ಲ ನಾನು. ಕಾಫಿ ಕುಡಿದೆ.

ಹೆಸರು ಬದಲಾಗುವುದು ನಮ್ಮೂರಿಗೆ ಹೊಸದಲ್ಲ.
ಮೊದಲು ಹಿರೋಡೆ. ಆಮೇಲೆ ಪಟ್ಟಣದ ಸುಲ್ತಾನನ ಕಡೆಯ
ಫ್ರೆಂಚ್ ಸಿಪಾಯಿಗಳು ಗುಡ್ಡದ ಬುಡದಲ್ಲಿ ಬಿಡಾರ ಹೂಡಿದರಂತೆ,
ಅವರನ್ನು ಓಡಿಸಿದ ಇಂಗ್ಲಿಷಿನವರು
ಓಡಿಹೋದವರ ಹೆಸರನ್ನೇ ದಫ್ತರದಲ್ಲಿ ಬರೆದುಕೊಂಡರು.
ನಮ್ಮಜ್ಜಿಯ ಬಾಯಲ್ಲಿ ಅದು ಪಿರೆಂಚಿರಾಕ್ಸು.
ಬಂಡೆ ಮಾತ್ರ ಬಂಡೆಯಾಗೇ ಇತ್ತು,
ಅದಕ್ಕೆ ಯಾರೂ ಕಾಗದ ಬರೆಯುತ್ತಿರಲಿಲ್ಲ.

ಅಂಚೆ ಅಂದರೆ ಹಂಸ ಅಂತಲೂ ಅರ್ಥ, ಅಂದಿದ್ದರು ಮೇಷ್ಟ್ರು.
ಮನೆಗೆ ಓಡಿಬಂದು ಹೇಳಿದರೆ ಅಪ್ಪ ನಕ್ಕ:
ಅದು ಹಾಲು ನೀರು ಬೇರೆ ಮಾಡ್ತದೆ ಕಣ್ಲಾ,
ನಾವು ಮದ್ದೂರು ಮಳವಳ್ಳಿ ಬೇರೆ ಮಾಡ್ತೀವಿ.
ಮುದ್ದೆ ಮುರಿಯುವ ಬೆರಳ ಸಂದಿಯಲ್ಲೂ ಮಸಿ.
ಅವನ ತಾತ ಗೆಜ್ಜೆ ಕಟ್ಟಿದ ಈಟಿ ಹಿಡಿದು
ಅರಸರ ಅಂಚೆಚೀಲ ಹೊತ್ತು ಓಡಿದವನು.
ಇವನು ಕೂತಲ್ಲೇ ಕೂತು
ಮಸಿಗೊಂದು ಕಾಗದಕ್ಕೊಂದು, ಮಸಿಗೊಂದು ಕಾಗದಕ್ಕೊಂದು,
ಡಬ್ ಡಬ್,
ಮಧ್ಯಾಹ್ನದ ರೈಲು ಸಿಳ್ಳೆ ಹಾಕುವ ತನಕ.

ಪಾಂಡವಪುರದ ಠಸ್ಸೆ ಬಂದ ದಿನ
ದೇವೀರಮ್ಮ ಬಂದಳು, ಸೆರಗಿನ ಗಂಟಿನಲ್ಲಿ ಕಾಸು.
ಮಗ ಚಿಕ್ಕಬೋರ ಅಸ್ಸಾಮಿನ ದಿಗ್ಬೋಯಿಯಲ್ಲಿ
ಎಣ್ಣೆಬಾವಿಯ ಕೂಲಿ. ಓದು ಬಾರದು. ಅವಳಿಗೂ ಬಾರದು.
ಕಟ್ಟೆಯ ಮೇಲೆ ಕೂತವರು ಬರೆದುಕೊಡುತ್ತಿದ್ದರು,
ಎಮ್ಮೆ ಈದದ್ದು, ತಂಗಿಗೆ ಗಂಡು ನೋಡಿದ್ದು.

ಹೊಸ ಠಸ್ಸೆಯನ್ನು ಬೆರಳಲ್ಲಿ ಸವರಿದಳು.
ಇದೆಂಥದ್ದಣ್ಣ, ಇದು ನಮ್ಮೂರಲ್ಲ.
ನಮ್ಮೂರೇ ಕಣವ್ವ, ಹೆಸರು ಬೇರೆ.
ನಿಂಗೊತ್ತು, ನಂಗೊತ್ತು. ಅವನಿಗೆ?
ಅಲ್ಲಿ ಕನ್ನಡ ಓದೋ ನರಪಿಳ್ಳೆ ಇಲ್ವಂತೆ.
ಮೇಲೆ ಹುಬ್ಬಿನಂಗೆ ಬಾಗಿರೋ ಅಕ್ಷರ, ಒಳಗೊಂದು ಬಳೆ,
ಅಷ್ಟು ಕಂಡ್ರೆ ಸಾಕು, ಅವ್ವ ಅವಳೆ ಅಂತ ತಿಳ್ಕತಾನೆ.

ಹಳೆಯದು ಮೈಸೂರಿಗೆ ವಾಪಸು ಹೋಗಬೇಕು,
ಬಟ್ಟೆಯಲ್ಲಿ ಸುತ್ತಿ, ಅರಗು ಹಾಕಿ ಇಟ್ಟಾಗಿತ್ತು.
ತಾರೀಖಿನ ಅಚ್ಚುಗಳನ್ನು ಬಿಚ್ಚಿಕೊಂಡಿದ್ದರು,
ನಡುವೆ ಬರೀ ತೂತು.
ಪೋಸ್ಟ್‌ಮಾಸ್ತರು ಊಟಕ್ಕೆ ಹೋದ ಹೊತ್ತು ನೋಡಿ
ಅಪ್ಪ ಅರಗು ಒಡೆದ.
ಏಳು ಲಕೋಟೆ ಕೊಂಡಿದ್ದಳು ದೇವೀರಮ್ಮ, ಇದ್ದಬದ್ದ ಕಾಸಿಗೆಲ್ಲ.
ಏಳರ ಬೆನ್ನಿಗೂ ಒಂದೊಂದು.
ಆಮೇಲೆ ಮನೆಯಿಂದ ನಾನೇ ಅರಗು ತಂದುಕೊಟ್ಟದ್ದು,
ಒಂಬತ್ತು ವರ್ಷ ನನಗೆ, ಯಾಕೆಂದು ಕೇಳಲಿಲ್ಲ.

ಚಿಕ್ಕಬೋರ ಊರಿಗೆ ಬಂದನೋ ಇಲ್ಲವೋ,
ಅಷ್ಟರಲ್ಲಿ ಅಪ್ಪನಿಗೆ ಕೃಷ್ಣರಾಜಪೇಟೆಗೆ ವರ್ಗವಾಗಿ
ನಾವು ಗಾಡಿ ಏರಿದ್ದೆವು.

ಜೋಯಿಸರು ದೀಪ ಹತ್ತಿರ ಎಳೆದರು.
ಮಡಿಕೆ ಬಹಳ, ಬೆವರಿನ ಕಲೆ ಬೇರೆ,
ಶುಭ್ರವಾಗಿದ್ದಿದ್ದರೆ ಎರಡರಷ್ಟು ಬರುತ್ತಿತ್ತು.
ಭೂತಗನ್ನಡಿ ಕೇಳಿ ಇಸಕೊಂಡೆ.
ಜೇಬಿಗೆ ಹಿಡಿಸಲು ನಾಲ್ಕು ಸಲ ಮಡಚಿದ್ದಾನೆ.
ಒಂದು ಗೆರೆಯೂ ಠಸ್ಸೆಯ ಮೇಲೆ ಹಾದಿಲ್ಲ,
ಬಾವಿಕಟ್ಟೆ ಬಳಸಿ ಹೋಗುವ ದಾರಿಯ ಹಾಗೆ
ಓರೆಯಾಗಿ ಸುತ್ತಿಕೊಂಡು ಹೋಗಿವೆ.

ಇನ್ನೊಂದು ವಿಚಿತ್ರ ನೋಡಿ, ಅಂದರು ಜೋಯಿಸರು,
ಅಂಟು ಬಿಚ್ಚೇ ಇಲ್ಲ. ಕಾಗದ ಒಳಗೇ ಇದೆ.
ಪುಣ್ಯಾತ್ಮ ಓದದೇ ಬಿಟ್ಟಿದ್ದಾನೆ.

ಓದಿದ್ದಾನೆ, ಅಂದೆ.

ಅವರಿಗೆ ಕೇಳಿಸಲಿಲ್ಲ.
ಅಳತೆಪಟ್ಟಿ ಎಲ್ಲಿಟ್ಟೆ ಎಂದು
ಮೇಜಿನ ಕೆಳಗೆ ಹುಡುಕುತ್ತಿದ್ದರು.